ಇಕ್ಕಟ್ಟಿನ ಹಸಿರು ಗೆರೆ

ಹೆಸರು: ಆಯ್ಲಾ ನಿಸ್ಕಾಲಾ. ವಯಸ್ಸು: 58 ವರ್ಷ. ಕೆಲಸ: ಔಷಧಿ ಅಂಗಡಿಯಲ್ಲಿ ಮಾರಾಟಗಾರ್ತಿ. ಜೊತೆಗೆ ಕಾರ್ನೆಟ್ ಬೇ ಸ್ನೋಮೊಬೈಲ್ ಕ್ಲಬ್ಬಿನ ವೆಬ್‌ಸೈಟ್ ನೋಡಿಕೊಳ್ಳುವವಳು. ವಾಸ: 14, ಮಿಲ್ ರಸ್ತೆ, ಕಾರ್ನೆಟ್ ಬೇ, ಒಂಟಾರಿಯೋ.

ಕ್ಲಬ್ಬಿನ ಅಧ್ಯಕ್ಷ ಡೇಲ್ ಪ್ರೂಯೆಟ್ ನನ್ನ ಮೇಲೆ ಕೊಟ್ಟಿರುವ ದೂರನ್ನು ಕಾನ್‌ಸ್ಟೇಬಲ್ ಬೂಶಾರ್ ಅವರು ಇಂದು ನನಗೆ ಓದಿ ಹೇಳಿದರು. ಅದನ್ನು ಕೇಳಿದ ಮೇಲೆ, ಯಾರ ಒತ್ತಾಯವೂ ಇಲ್ಲದೆ ನಾನೇ ಹೇಳಿ ಬರೆಸುವುದೇನೆಂದರೆ:

ಕಳೆದ ಅಕ್ಟೋಬರ್ 9ರ ಸಂಜೆ ಕ್ಲಬ್ಬಿನಲ್ಲಿ ಸಮಿತಿಯ ಸಭೆ ನಡೆಯಿತು. ವೆಬ್‌ಸೈಟಿಗೆ ಯಾವ ಯಾವ ಪ್ಲಗಿನ್ ಹಾಕಬೇಕು ಎಂಬುದೇ ಅಂದಿನ ವಿಷಯ. ಪ್ಲಗಿನ್ ಎಂದರೆ ವೆಬ್‌ಸೈಟಿಗೆ ಆಮೇಲೆ ಜೋಡಿಸುವ ಬಿಡಿಭಾಗ, ಹಿಮದ ಮೇಲೆ ಓಡಿಸುವ ನಮ್ಮ ಮೋಟಾರು ಸ್ಲೆಡ್ಡಿಗೆ ಬಿಸಿ ಹಿಡಿಕೆ ಕೂಡಿಸಿದ ಹಾಗೆ. ಕಾರ್ಯಕ್ರಮಗಳ ಪಟ್ಟಿಗೆ ಒಂದು, ಹೆಸರು ನೋಂದಾಯಿಸಲು ಒಂದು, ಇವೆರಡಕ್ಕೂ ತಕರಾರು ಬರಲಿಲ್ಲ. ಜಗಳ ಹತ್ತಿದ್ದು ಸ್ಲೆಡ್ ಓಡುವ ಜಾಡುಗಳ ನಕ್ಷೆಯ ಮೇಲೆ. ಯಾವ ಜಾಡು ತೆರೆದಿದೆ, ಯಾವುದು ಮುಚ್ಚಿದೆ ಎಂದು ಹಸಿರು, ಕೆಂಪು ಗೆರೆಗಳಲ್ಲಿ ತೋರಿಸುವ ನಕ್ಷೆ ಅದು. ಸ್ಲೆಡ್ ಹತ್ತುವ ಮುಂಚೆ ಊರಿಗೆ ಊರೇ ಅದನ್ನು ನೋಡುತ್ತದೆ.

ನಾನು ಆರಿಸಿದ ನಕ್ಷೆ ನೋಡಲು ಚೆಂದವಿರಲಿಲ್ಲ. ಆದರೆ ಯಾರಾದರೂ ಖುದ್ದಾಗಿ ಹೋಗಿ ಬಂದು ತಮ್ಮ ಹೆಸರು ಹಾಕುವ ತನಕ ಅದು ಪ್ರತಿ ಜಾಡನ್ನೂ ಕೆಂಪಾಗಿಯೇ ಇಡುತ್ತಿತ್ತು. ಒಂದು ದಿನ ಕಳೆದರೆ ತಾನಾಗಿ ಮತ್ತೆ ಕೆಂಪಾಗುತ್ತಿತ್ತು. ಡೇಲ್ ಆರಿಸಿದ್ದು ಇದರ ತಲೆಕೆಳಗು. ಜೋಡಿಸಿದ ಗಳಿಗೆಯಿಂದಲೇ ಎಲ್ಲವೂ ಹಸಿರು, ಕೆಂಪು ಬೇಕಿದ್ದರೆ ಮನುಷ್ಯರೇ ಹೋಗಿ ಒತ್ತಬೇಕು. ಅಂಚಿನಲ್ಲಿ ಡೇಲ್‌ನ ಮೋಟೆಲಿನ ಜಾಹೀರಾತು ಓಡುತ್ತಿತ್ತು.

"ನಿಂದು ನೋಡಿದ್ರೆ ಹೊರಗೆ ಕಾಲಿಡೋಕೇ ಭಯ ಆಗುತ್ತೆ ಕಣೇ ಆಯ್ಲಾ. ಎಲ್ಲಾ ಕೆಂಪು! ಜನ ಮನೆಯಿಂದ ಹೊರಡೋದು ಹೆಂಗೆ?" ಎಂದು ಡೇಲ್ ಎಲ್ಲರನ್ನೂ ನಗಿಸಿದ. ಹೊರಟವರು ವಾಪಸು ಬರುವುದೂ ಮುಖ್ಯವಲ್ಲವೇ ಎಂದು ನಾನು ಕೇಳಿದೆ. ಅದಕ್ಕೆ ಇನ್ನಷ್ಟು ನಕ್ಕರು. ಕೈ ಎತ್ತಿಸಿದಾಗ ನನ್ನ ಪರವಾಗಿ ಇದ್ದವಳು ಹಿರಿಯ ಸದಸ್ಯೆ ಹಿಲ್ಕ ಒಬ್ಬಳೇ. ಸೋತ ಮೇಲೆ ನಾನು ಮುಖ ಊದಿಸಿಕೊಂಡು ಕೂರಲಿಲ್ಲ. ವೆಬ್‌ಸೈಟಿನ ನಕಲೊಂದನ್ನು ಮಾಡಿಕೊಂಡು, ಡೇಲ್‌ನ ಪ್ಲಗಿನ್ ಮೊದಲು ಅದರಲ್ಲಿ ಜೋಡಿಸಿ ನೋಡಿ, ಆಮೇಲೆ ನಿಜವಾದದ್ದಕ್ಕೆ ಹಾಕಿದೆ. ಸರೋವರ ದಾಟುವ ಜಾಡುಗಳನ್ನೆಲ್ಲ ಒಂದೊಂದಾಗಿ ಕೆಂಪಿಗೆ ತಿರುಗಿಸಿದೆ.

ಅವುಗಳಲ್ಲಿ ಕೆಟ್ಟದ್ದು ನಾವು ಇಕ್ಕಟ್ಟು ಎಂದು ಕರೆಯುವ ಜಾಗ. ಸರೋವರ ಅಲ್ಲಿ 300 ಮೀಟರ್ ಅಗಲಕ್ಕೆ ಕಿರಿದಾಗುತ್ತದೆ, ಅಡಿಯಲ್ಲಿ ನೀರಿಗೆ ಸೆಳೆತವಿದೆ, ಮಂಜುಗಡ್ಡೆ ಎಲ್ಲ ಕಡೆ ಕಟ್ಟಿದ ಮೇಲೆ ಅಲ್ಲಿ ಕಟ್ಟುತ್ತದೆ. ಇಕ್ಕಟ್ಟು ತೆರೆದಿದೆ ಎಂದು ಹೇಳುವವನೇ ಎಲ್ಲರಿಗಿಂತ ಮೊದಲು ಅದನ್ನು ದಾಟಬೇಕು ಎಂಬುದು ನಮ್ಮ ಕ್ಲಬ್ಬಿನ ಪದ್ಧತಿ. ಬರೆದಿಟ್ಟ ನಿಯಮವಲ್ಲ, ಆದರೆ ನನ್ನಪ್ಪನ ಕಾಲದಿಂದ ಯಾರೂ ಮೀರಿದ್ದಿಲ್ಲ.

ಡಿಸೆಂಬರಿನಲ್ಲಿ ಡೇಲ್ ನನ್ನ ಪಾಸ್‌ವರ್ಡ್ ಕಿತ್ತುಕೊಂಡ. ನನ್ನ ಕೈಗೆ ಬಿಟ್ಟರೆ ಬೇಸಿಗೆ ಬಂದರೂ ಇಕ್ಕಟ್ಟು ಕೆಂಪಾಗಿಯೇ ಇರುತ್ತದೆ ಎಂದು ಕಾರಣ ಕೊಟ್ಟ.

ಜನವರಿ 9, ಗುರುವಾರ. ಮಧ್ಯಾಹ್ನ 12.40ಕ್ಕೆ ಅಂಗಡಿಯಲ್ಲಿ ಊಟ ಮಾಡುತ್ತಾ ಫೋನಿನಲ್ಲಿ ನಕ್ಷೆ ತೆರೆದೆ. ಇಕ್ಕಟ್ಟು ಹಸಿರಾಗಿತ್ತು. ಆಗಿದ್ದೇನೆಂದು ನೋಡಿದ ಕೂಡಲೇ ತಿಳಿಯಿತು. ಪ್ಲಗಿನ್ನಿನ ಹೊಸ ಆವೃತ್ತಿ ಬಂದಿತ್ತು. ಡೇಲ್ ನಕಲಿನಲ್ಲಿ ಪರೀಕ್ಷೆ ಮಾಡದೆ ನೇರವಾಗಿ ಅದನ್ನು ಹಾಕಿದ್ದ. ನಾನು ಒತ್ತಿದ್ದ ಕೆಂಪುಗಳೆಲ್ಲ ಅಳಿಸಿ, ನಕ್ಷೆ ಮೊದಲಿನ ಹಸಿರಿಗೆ ಮರಳಿತ್ತು.

ತಕ್ಷಣ ಡೇಲ್‌ಗೆ ಫೋನ್ ಮಾಡಿದೆ. "ಇಕ್ಕಟ್ಟು ಹಸಿರು ತೋರಿಸ್ತಿದೆ ಡೇಲ್. ಈಗಲೇ ಕೆಂಪು ಒತ್ತು," ಎಂದೆ.

"ನೋಡ್ದೆ, ನೋಡ್ದೆ. ಇರ್ಲಿ ಬಿಡು ಮಾರಾಯ್ತಿ. ಶನಿವಾರದೊಳಗೆ ಗಟ್ಟಿಯಾಗುತ್ತೆ. ನನ್ನ ರೂಮೆಲ್ಲ ಭರ್ತಿ ಆಗಿವೆ, ಈಗ ಕೆಂಪು ಮಾಡಿದ್ರೆ ಅರ್ಧ ಜನ ಬರಲ್ಲ ಅಂತಾರೆ," ಎಂದ. ನೀನು ದಾಟಿ ನೋಡಿದೆಯಾ ಎಂದು ಕೇಳಿದೆ. "ಹಸಿರು ಕಂಡ ತಕ್ಷಣ ಎಲ್ಲರೂ ಬಂದು ಮುಳುಗಿಬಿಡ್ತಾರಾ?" ಎಂದು ನಕ್ಕು ಫೋನ್ ಇಟ್ಟ.

ಅಂದು ಸಂಜೆ ನಾನು ನಮ್ಮ ದಡದಲ್ಲಿ ಕಂಬಕ್ಕೆ ಕೆಂಪು ಬಟ್ಟೆ ಕಟ್ಟಿ ಬಂದೆ. ಆಚೆ ದಡಕ್ಕೆ ರಸ್ತೆಯಲ್ಲಿ 41 ಕಿಲೋಮೀಟರ್ ಸುತ್ತಬೇಕು. ಮರುದಿನ ಅಂಗಡಿ ಮುಚ್ಚಿದ ಮೇಲೆ ಹೋಗುವುದೆಂದುಕೊಂಡೆ.

ಮರುದಿನ ಶುಕ್ರವಾರ ಸಂಜೆ ನಾಲ್ಕು ಗಂಟೆಗೆ ನನ್ನ ಅಣ್ಣ ರೇಯೊ ನಿಸ್ಕಾಲಾ ನನ್ನ ಮನೆಗೆ ಬರಲು ಆಚೆ ದಡದಲ್ಲಿ ಸ್ಲೆಡ್ ಇಳಿಸಿದ. ಶನಿವಾರ ಬರುತ್ತೇನೆ ಎಂದು ಹೇಳಿದ್ದವನು ಒಂದು ದಿನ ಮೊದಲೇ ಬಂದಿದ್ದ. ಅಷ್ಟರೊಳಗೆ ಆಚೆಯೂ ಬಟ್ಟೆ ಕಟ್ಟಿರುತ್ತೇನೆಂದು ನಾನು ಅವನಿಗೆ ಫೋನ್ ಮಾಡಿರಲಿಲ್ಲ. ಹೊರಡುವ ಮುಂಚೆ ಹೆಂಡತಿಗೆ ಸಂದೇಶ ಕಳಿಸಿದ್ದ: "ಇಕ್ಕಟ್ಟು ಹಸಿರಿದೆ. ನಮ್ಮ ಆಯ್ಲಾ ಮಾಡಿದ ನಕ್ಷೆ, ಭಯ ಇಲ್ಲ." ದಡದಿಂದ 120 ಮೀಟರ್ ಒಳಗೆ ಮಂಜುಗಡ್ಡೆ ಬಿರಿಯಿತು. ಅವನನ್ನು ಭಾನುವಾರ ಮೇಲೆತ್ತಿದರು. ಈ ಠಾಣೆಯವರೇ ಎತ್ತಿದ್ದರಿಂದ ಅದನ್ನು ಮತ್ತೆ ನಾನು ಹೇಳುವುದಿಲ್ಲ.

ಹೂಳಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರಿಗೂ ಕಾಫಿ ಕೊಟ್ಟರು. ಡೇಲ್ ನಾನೇ ಮಾಡಿದ ಏಲಕ್ಕಿ ಬ್ರೆಡ್ ತಿನ್ನುತ್ತಾ, "ಮಂಜುಗಡ್ಡೆ ಯಾರಿಗೂ ನೆಂಟ ಅಲ್ಲ. ಪಾಪ, ರೇಯೊ ಸ್ವಲ್ಪ ನೋಡ್ಕೊಂಡು ಬರ್ಬೇಕಿತ್ತು," ಎಂದು ನಾಲ್ಕು ಜನರ ಮುಂದೆ ಹೇಳಿದ. ಅವರು ತಲೆಯಾಡಿಸಿದರು. ಹೋದವನ ಮೇಲೆ ತಪ್ಪು ಹೊರಿಸಿ ಇವನು ಇನ್ನೊಂದು ಚೂರು ಬ್ರೆಡ್ ತೆಗೆದುಕೊಂಡ. ಇವನು ಊರೆದುರು ತಲೆ ತಗ್ಗಿಸುವಂತೆ ಮಾಡದೆ ಬಿಡುವುದಿಲ್ಲ ಎಂದು ನಾನು ಆ ಗಳಿಗೆಯಲ್ಲಿ ನಿಶ್ಚಯಿಸಿದೆ. ಇದನ್ನು ಮೆದು ಮಾಡದೆ ಹೀಗೆಯೇ ಬರೆದುಕೊಳ್ಳಬೇಕೆಂದು ಕಾನ್‌ಸ್ಟೇಬಲ್ ಅವರನ್ನು ಕೇಳಿಕೊಂಡಿದ್ದೇನೆ.

ಫೆಬ್ರುವರಿ 11ರ ಬೆಳಿಗ್ಗೆ ಡೇಲ್ ಒಂದು ಡಬ್ಬಿ ಡೋನಟ್ ಹಿಡಿದು ನನ್ನ ಮನೆಗೆ ಬಂದ. ಚಳಿಗಾಲದ ಉತ್ಸವಕ್ಕೆ ನಾಲ್ಕೇ ದಿನ ಇತ್ತು. ನಕ್ಷೆಯ ಪ್ಲಗಿನ್ನಿಗೂ ನೋಂದಣಿಯ ಪ್ಲಗಿನ್ನಿಗೂ ಜಗಳ ಹತ್ತಿ ಯಾರ ಹೆಸರೂ ದಾಖಲಾಗುತ್ತಿರಲಿಲ್ಲ. "ಹಳೇದೆಲ್ಲ ಬಿಟ್ಟುಬಿಡೋಣ ಆಯ್ಲಾ. ನಿನ್ನ ಬಿಟ್ರೆ ಇದು ಯಾರಿಗೂ ಬಗ್ಗಲ್ಲ. ಏನ್ ಬೇಕಾದ್ರೂ ಮಾಡು, ನಡೀಬೇಕು ಅಷ್ಟೇ," ಎಂದು ಪಾಸ್‌ವರ್ಡನ್ನು ತಾನೇ ಹೇಳಿದ. ಕುರಿ ಕಾಯಲು ತೋಳನನ್ನು ನೇಮಿಸಿ ಹೋದ. ಹೀಗಿರುವಾಗ ನಾನು ವೆಬ್‌ಸೈಟಿಗೆ ಕನ್ನ ಹಾಕಿದೆ ಎಂಬ ದೂರು ಸುಳ್ಳು.

ಡೇಲ್ ಹೇಳಿದ್ದನ್ನೇ ಮಾಡಿದೆ. ಜಗಳಗಂಟಿ ನಕ್ಷೆಯನ್ನು ಕಿತ್ತು ಹಾಕಿದೆ. ನೋಂದಣಿ ಸರಿಹೋಯಿತು. ನಾನು ಅಕ್ಟೋಬರಿನಲ್ಲಿ ಆರಿಸಿದ್ದ ನಕ್ಷೆಯನ್ನು ನಕಲಿನಲ್ಲಿ ಎರಡು ದಿನ ಓಡಿಸಿ ನೋಡಿ, ಶುಕ್ರವಾರ ಸಂಜೆ ಜೋಡಿಸಿದೆ. ಉಳಿದ ಜಾಡುಗಳನ್ನು ನೋಡಿ ಬಂದವರು ಹೆಸರು ಹಾಕಿದರು, ಹಸಿರಾದವು. ಇಕ್ಕಟ್ಟಿಗೆ ಮಾತ್ರ ಡೇಲ್ ಪ್ರೂಯೆಟ್ ಎಂಬ ಒಂದೇ ಹೆಸರು ಒಪ್ಪುವಂತೆ ಮಾಡಿದೆ. ಆಮೇಲೆ ಪಾಸ್‌ವರ್ಡ್ ಬದಲಿಸಿದೆ. ಇದು ನಿಜ.

ಇಂದು ಶನಿವಾರ, ಬೆಳಿಗ್ಗೆ ಒಂಬತ್ತಕ್ಕೆ ದಡದಲ್ಲಿ ಸುಮಾರು 200 ಸ್ಲೆಡ್ ನಿಂತಿದ್ದವು. ಉತ್ಸವದ ಮೆರವಣಿಗೆ ಇಕ್ಕಟ್ಟು ದಾಟಿ ಡೇಲ್‌ನ ಮೋಟೆಲಿಗೆ ಹೋಗಬೇಕಿತ್ತು. ಕೆಂಪು ಗೆರೆಯ ಮೇಲೆ ಯಾರನ್ನೂ ಬಿಡುವುದಿಲ್ಲ ಎಂದು ಜಾಡಿನ ಕಾವಲಿನವರು ಅಡ್ಡ ನಿಂತರು. ಡೇಲ್ ಜನರನ್ನು ತಳ್ಳಿಕೊಂಡು ನನ್ನ ಬಳಿ ಬಂದ.

"ಏನೇ ಇದು ನಿನ್ನ ಆಟ? ಹಸಿರು ಮಾಡೇ!"

"ಮಾಡ್ತೀನಿ. ಮೊದಲು ನೀನು ದಾಟು," ಎಂದೆ. "ಆ ದಡ ಮುಟ್ಟಿ ಕೈ ಬೀಸು ಸಾಕು, ಹಸಿರಾಗುತ್ತೆ."

ಡೇಲ್ ಸುತ್ತ ನೋಡಿದ. ಸ್ಲೆಡ್ ಹತ್ತಿ, ಚಾಲೂ ಮಾಡಿ, ಮೊದಲ ಗುರುತಿನ ಕಂಬದವರೆಗೆ, ಅಂದರೆ ಸುಮಾರು 30 ಮೀಟರ್ ಹೋದ. ಅಲ್ಲಿ ನಿಂತ. ಎಂಜಿನ್ ಓಡುತ್ತಲೇ ಇತ್ತು. ಹಿಂದೆ ತಿರುಗಿ, ಇಂದು ಬೆಳಿಗ್ಗೆ ಯಾರಾದರೂ ಮಂಜುಗಡ್ಡೆ ನೋಡಿದ್ದಾರಾ ಎಂದು ಕೂಗಿ ಕೇಳಿದ.

"ರೇಯೊ ನೋಡಿದ್ದ ಕಣೋ, ನಿನ್ನ ನಕ್ಷೇನ!" ಎಂದು ಹಿಲ್ಕ ಕೂಗಿದಳು. ಅವಳಿಗೆ 81 ವರ್ಷ, ಆದರೂ ಅವಳ ಧ್ವನಿ ಎಲ್ಲರಿಗೂ ಕೇಳಿಸಿತು.

ಡೇಲ್ ಎಂಜಿನ್ ಆರಿಸಿದ. ಆಮೇಲೆ ಇಳಿದು, ಸ್ಲೆಡ್ಡನ್ನು ಅಲ್ಲಿಯೇ ಬಿಟ್ಟು, ಒಂದೊಂದೇ ಹೆಜ್ಜೆ ಇಡುತ್ತಾ ದಡಕ್ಕೆ ಬಂದ. ಮುಖ ಬಿಳಿಚಿತ್ತು. ಅವನು ಯಾರನ್ನೂ ನೋಡಲಿಲ್ಲ, ಅವನನ್ನು ಎಲ್ಲರೂ ನೋಡಿದರು. ಜನ ತಮ್ಮ ಸ್ಲೆಡ್ಡುಗಳನ್ನು ಟ್ರೇಲರಿಗೆ ಏರಿಸತೊಡಗಿದ ಮೇಲೆ ಡೇಲ್ ಪೊಲೀಸರಿಗೆ ಫೋನ್ ಮಾಡಿದ. ನಾನು ಓಡಿಹೋಗಲಿಲ್ಲ. ನಾನಾಗಿಯೇ ಠಾಣೆಯ ವಾಹನ ಹತ್ತಿ ಬಂದೆ.

ಅಪಾಯದ ಮಂಜುಗಡ್ಡೆಯ ಮೇಲೆ ಒಬ್ಬ ಮನುಷ್ಯನನ್ನು ಬೇಕೆಂದೇ ಕಳಿಸಿದೆಯಾ ಎಂದು ಕಾನ್‌ಸ್ಟೇಬಲ್ ಅವರು ಕೇಳಿದ್ದಕ್ಕೆ ನನ್ನ ಉತ್ತರ: ಇಲ್ಲ. ಇಂದು ಬೆಳಿಗ್ಗೆ ಬೆಳಕು ಹರಿದ ಮೇಲೆ ನಾನು ಬೈರಿಗೆ ಹಿಡಿದು ಈ ದಡದಿಂದ ಆ ದಡದವರೆಗೆ ನಡೆದು ತೂತು ಕೊರೆದು ಅಳೆದಿದ್ದೇನೆ. ಎಲ್ಲಕ್ಕಿಂತ ತೆಳುವಾದ ಕಡೆ 52 ಸೆಂಟಿಮೀಟರ್ ಇತ್ತು. ಸರಕಿನ ಲಾರಿ ಹೋದರೂ ತಡೆಯುತ್ತದೆ. ಡೇಲ್ ಹಾಡಿಕೊಂಡು ದಾಟಬಹುದಿತ್ತು. ನಾನು ಅದನ್ನು ಅವನಿಗೆ ಹೇಳಲಿಲ್ಲ.

ಮೇಲೆ ಬರೆದಿರುವುದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ನಾನು ಹೇಳಿದ್ದೆಲ್ಲ ನಿಜ. ವಿಷಾದವೇನಾದರೂ ಇದ್ದರೆ ಸೇರಿಸಬಹುದು ಎಂದರು. ಸೇರಿಸುವುದೇನೂ ಇಲ್ಲ.

ಸ್ಥಳ: ಕಾರ್ನೆಟ್ ಬೇ ಪೊಲೀಸ್ ಠಾಣೆ
ದಿನಾಂಕ: 15 ಫೆಬ್ರುವರಿ 2025
ಸಹಿ: ಆಯ್ಲಾ ನಿಸ್ಕಾಲಾ, ರೇಯೊನ ತಂಗಿ