ಮುತ್ಯಾಲಮ್ಮನಿಗೆ ಮಧ್ಯದ ಕುರ್ಚಿ

ನಿನ್ನೆ ಸಂಜೆ ವೈಯಾಲಿಕಾವಲ್ ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕ ನರ್ಸಿಂಗ್ ಓದುವ ಹುಡುಗಿಯರಿಬ್ಬರು ನಿಂತಿದ್ದರು. ವಿನುತಾ ಎಂಬವಳು ಕಾಲೇಜಿನ ಸಂಶೋಧನಾ ಪತ್ರಿಕೆಯನ್ನು ಸುರುಳಿ ಸುತ್ತಿ ಅಂಗೈಗೆ ಬಡಿದುಕೊಳ್ಳುತ್ತಿದ್ದಳು.

“ನಿನ್ನ ಹೆಸರು ಎಲ್ಲೂ ಇಲ್ವೇನೇ?” ಎಂದಳು ಗೆಳತಿ ದೀಪ್ತಿ.

“ಕೊನೇ ಪುಟದಲ್ಲೂ ಇಲ್ಲ. ಆರು ತಿಂಗಳು ಮಾರ್ಕೆಟ್‌ಗೆ ಅಲೆದು, ನಲವತ್ತು ಜನ ತರಕಾರಿಯೋರಿಗೆ ಎದೆ ಒತ್ತಿ ಜೀವ ಉಳಿಸೋದು ಕಲಿಸ್ದೋಳು ನಾನು. ಸಂಶೋಧನೆ ಮಾತ್ರ ಚೂಡಾಮಣಿ ಮೇಡಮ್ಮಂದು.”

“ಪ್ರಿನ್ಸಿಪಾಲರಿಗೆ ಹೇಳ್ಬೇಕಿತ್ತು.”

“ಹೇಳ್ದೆ, ಬೇರೆ ಥರ. ನಾಳೆ ಪತ್ರಿಕೆ ಬಿಡುಗಡೆ ಫಂಕ್ಷನ್‌ನಲ್ಲಿ ಸ್ಟೇಜ್ ಮೇಲೆ ಮೇಡಮ್ಮೇ ಗೊಂಬೆ ಎದೆ ಒತ್ತಿ ತೋರಿಸ್ಲಿ ಸರ್, ಬರೆದೋರು ಅವರೇ ಅಲ್ವಾ, ಅಂದೆ. ಖುಷಿಯಾಗಿ ಒಪ್ಕೊಂಡ್ರು.”

“ಅಯ್ಯೋ! ಮೇಡಂ ಗೊಂಬೆ ಮುಟ್ಟಿ ಇಪ್ಪತ್ತು ವರ್ಷ ಆಗಿರ್ಬೇಕು.”

“ಬೆಳಗ್ಗೆ ಬಾಗಿಲು ಹಾಕ್ಕೊಂಡು ಪ್ರಾಕ್ಟೀಸ್ ಮಾಡ್ತಿದ್ರು. ಕಿಟಕೀಲಿ ನೋಡ್ದೆ. ಎದೆ ಬಿಟ್ಟು ಹೊಟ್ಟೆ ಒತ್ತುತಿದ್ರು.”

“ನೀನು ಹೇಳ್ಲಿಲ್ವಾ?”

“ನಾನ್ಯಾಕೆ ಹೇಳ್ಲಿ?”

“ಹೋಗ್ಲಿ, ನೋಡೋರಿಗೇನು ಗೊತ್ತಾಗತ್ತೆ?”

“ನೋಡೋಕೆ ಬರ್ತಿರೋದು ಅದೇ ನಲವತ್ತು ಜನ. ನಾನೇ ಕರ್ದಿದೀನಿ. ಸೊಪ್ಪಿನ ಮುತ್ಯಾಲಮ್ಮಂಗೆ ಮುಂದಿನ ಸಾಲಲ್ಲಿ ಮಧ್ಯದ ಕುರ್ಚಿ.”

ಬಸ್ಸು ಬಂತು. ಇಬ್ಬರೂ ಮುಂದಿನ ಬಾಗಿಲಿಗೆ ಓಡಿದರು. ಮೆಟ್ಟಿಲ ಮೇಲೆ ದೀಪ್ತಿ ತಿರುಗಿ ಕೇಳಿದಳು:

“ಮುತ್ಯಾಲಮ್ಮಂಗೆ ಏನಂತ ಹೇಳ್ಕೊಟ್ಟಿದೀಯೆ?”

“ಹೊಸದೇನಿಲ್ಲ. ಯಾರಾದ್ರೂ ತಪ್ಪಾಗಿ ಒತ್ತುತಿದ್ರೆ ಅವರನ್ನ ಪಕ್ಕಕ್ಕೆ ತಳ್ಳಿ ನೀವೇ ಕೂತು ಒತ್ತಿ, ದೊಡ್ಡೋರು ಅಂತ ಮುಖ ನೋಡ್ಬೇಡಿ ಅಂತ, ಮೊದಲ್ನೇ ದಿನದ ಪಾಠದಲ್ಲೇ ಹೇಳಿದೀನಿ.”