ನಿದ್ದೆ ಹೋದ ಕೂಸಿನ ಅಂಗಿ

ದೀಪ ಸ್ವಲ್ಪ ಸಣ್ಣ ಮಾಡಿ. ಇದು ನಮ್ಮ ಮನೆತನದಲ್ಲೇ ನಡೆದದ್ದು.

ದೊಡ್ಡಮ್ಮ ಫಾದ್ಮಾಳ ಮಗ ಜಿಲಾಲಿ ಬಕ್ರೀದ್ ಮುಗಿಸಿ ಫ್ರಾನ್ಸಿನ ಗಣಿಗೆ ಹೋದವನು ಅಲ್ಲೇ ಸತ್ತ. ಹೆಂಡತಿ ಯಾಮ್ನಾ ಬಸುರಿ. ಸೂಲಗಿತ್ತಿ ಮುಬಾರ್ಕಾ ಹೊಟ್ಟೆ ಮುಟ್ಟಿ, ಜವೆಗೋಧಿ ಕೊಯ್ಲಿಗೆ ಹೆರಿಗೆ ಎಂದಿದ್ದಳು. ಕೊಯ್ಲು ಮುಗಿಯಿತು. ತಿಂಗಳುಗಳು ಕಳೆದು ಆಲಿವ್ ಗಾಣವೂ ತಿರುಗಿತು. ಮಗು ಬರಲಿಲ್ಲ.

"ದುಃಖಕ್ಕೆ ಕೂಸು ಒಳಗೇ ನಿದ್ದೆ ಹೋಗಿದೆ. ಎಚ್ಚರವಾದಾಗ ಬರುತ್ತೆ" ಎಂದಳು ಮುಬಾರ್ಕಾ. ನಮ್ಮಲ್ಲಿ ಇದು ಹೊಸ ಮಾತಲ್ಲ. ಗಂಡ ದೂರವಿದ್ದ ಎಷ್ಟೋ ಹೆಂಗಸರ ಮಾನ ಈ ನಿದ್ದೆಯಿಂದಲೇ ಉಳಿದಿದೆ.

"ನಿದ್ದೆಯಂತೆ! ಯಾರ ಹಾಸಿಗೆಯಲ್ಲೋ!" ದೊಡ್ಡಮ್ಮ ಸೊಸೆಯನ್ನು ಹೊರಗೆ ಹಾಕಿದಳು.

"ನಿನ್ನ ಜಿಲಾಲಿಯೂ ಹೊಟ್ಟೆಯಲ್ಲಿ ಹೀಗೇ ಮಲಗಿ ಎದ್ದವನಲ್ವೇನೆ ಫಾದ್ಮಾ? ಅವತ್ತು ಸಾಕ್ಷಿ ಹೇಳಿದವಳು ನಾನೇ!" ಮುಬಾರ್ಕಾ ಬೀದಿಯಲ್ಲೇ ಕೂಗಿದಳು.

ಒಳಗಿನಿಂದ ಚಿಲಕ, ಠಕ್. ಯಾಮ್ನಾ ಸೂಲಗಿತ್ತಿಯ ಮನೆ ಸೇರಿದಳು.

ಒಂದು ರಾತ್ರಿ ದೊಡ್ಡಮ್ಮ ಸಾವಿನ ಮನೆಯಿಂದ ತಡವಾಗಿ ಬರುತ್ತಿದ್ದಳು. ಅಂಜೂರದ ಮರದಡಿಯ ಬಾವಿ. ಗಾಳಿಯಿಲ್ಲ, ಆದರೂ ರಾಟೆ ಕಿರ್ರ್... ಕಿರ್ರ್... ಕಟ್ಟೆಯ ಮೇಲೆ ಯಾಮ್ನಾ.

"ಅತ್ತೆ... ದಿನ ತುಂಬ್ತು. ಬಾಗಿಲು ತೆಗೀರಿ."

"ನನ್ನ ಲೆಕ್ಕದಲ್ಲಿ ಯಾವತ್ತೋ ತುಂಬಿ ಹೋಯ್ತು ಕಣೆ."

"ಮನೆ ನನಗೆ ಬೇಡ... ಇದಕ್ಕೆ." ಹೊಟ್ಟೆಯ ಮೇಲೆ ಕೈಯಿಟ್ಟಳು.

ದೊಡ್ಡಮ್ಮ ಮುಸುಕೆಳೆದು ನಡೆದಳು. ಹಿಂದೆ ಹೆಜ್ಜೆ ಸದ್ದಿಲ್ಲ. ಬರೀ ಚಪ್... ಚಪ್... ಬೆರಳು ಚೀಪುವ ಸದ್ದು. ಹೊಸ್ತಿಲವರೆಗೂ.

ಬೆಳಿಗ್ಗೆ ಮುಬಾರ್ಕಾ ಬಂದಳು. "ನಿನ್ನ ಸೊಸೆ ನಿನ್ನೆ ಮುಸ್ಸಂಜೆಗೇ ಹೋದಳು. ಹೆಣ ಮೀಸೋಕಾದರೂ ಬಾ."

ಮೀಸುವಾಗ ಹೊದಿಕೆ ಸರಿಸಿದರು. ಹೊಟ್ಟೆ ಚಪ್ಪಟೆಯಾಗಿತ್ತು. ಹೆರಿಗೆಯ ಗುರುತೇ ಇಲ್ಲ. ಕೂಸೂ ಇಲ್ಲ...

ಈಗ ದೊಡ್ಡಮ್ಮ ಒಬ್ಬಳೇ ಇರುವುದು. ಮಾತಾಡಿಸಲು ಯಾರೂ ಹೋಗುವುದಿಲ್ಲ. ಆ ಚಳಿಗಾಲ ನನ್ನ ಅಂಗಡಿಗೆ ಬಂದು, ಎಳೆಗೂಸಿಗೆ ಕಾಲು ಮುಚ್ಚುವಂಥ ಉಣ್ಣೆ ಅಂಗಿ ಕೇಳಿದಳು.

"ಯಾರಿಗೆ ದೊಡ್ಡಮ್ಮ?"

"ನೀನು ಬಟ್ಟೆ ಮಾರೋನು. ಬಟ್ಟೆ ಮಾರು."

ಮರುವರ್ಷ ಮತ್ತೆ ಬಂದಳು. "ಈ ಸಲ ಒಂದು ಗೇಣು ಜಾಸ್ತಿ ಉದ್ದ ಇರಲಿ." ಹಳೆಯದನ್ನು ಬದಲಿಗೆ ಮುಂದಿಟ್ಟಳು. ಹಳೆ ಬಟ್ಟೆಗೆ ಬೆಲೆ ಕಟ್ಟಿ ತಲೆ ನರೆತವನು ನಾನು, ಬೆಳಕಿಗೆ ಹಿಡಿದು ನೋಡಿದೆ.

ನಂಬದಿದ್ದರೆ ಬಿಡಿ. ಅಂಗಿ ಅಂಗಡಿಯಲ್ಲೇ ಇದೆ, ಕೊಳ್ಳುವವರಿಲ್ಲ. ಎರಡೂ ಮೊಣಕಾಲಿನ ಹತ್ತಿರ ನೆಲಕ್ಕೆ ಉಜ್ಜಿ ಸವೆದಿದೆ.