ಕರುಣಮ್ಮನ ಮಗ್ಗುಲ ಜಾಗ

ದೀಪ ಸ್ವಲ್ಪ ಸಣ್ಣ ಮಾಡಿ. ಬಾಗಿಲು ಹಾಗೇ ಇರಲಿ... ಇದು ಮೂರನೆಯವರ ಬಾಯಿಂದ ಬಂದ ಮಾತಲ್ಲ. ನನ್ನ ಚಿಕ್ಕಪ್ಪನ ಮಗಳು ಏಕನಾಥಮ್ಮನಿಗೆ ಆದದ್ದು. ಹಿರಿಯೂರಿನಲ್ಲಿ, ಎಪ್ಪತ್ತನಾಲ್ಕನೇ ಇಸವಿ, ಈಸ್ಟರ್ ಹಬ್ಬದ ಹಿಂದಿನ ರಾತ್ರಿ.

ಅವಳು ಆಸ್ಪತ್ರೆಯಲ್ಲಿ ಆಯಾ. ಕೆಲಸ ಮುಗಿಸಿ ಹೊರಟಾಗ ಒಂದೂವರೆ ಗಂಟೆ. ಅರ್ಧ ಚಂದ್ರ ಆಗಷ್ಟೇ ಮೇಲೆ ಬಂದಿದ್ದ. ದಾರಿಯಲ್ಲಿ ಒಂದು ಆಲದ ಮರ, ಅದರ ಬುಡದಲ್ಲಿ ಸೇದೋ ಬಾವಿ. ರಾಟೆಗೆ ಹಗ್ಗ ಇರಲಿಲ್ಲ. ಆದರೂ ಕಿರ್ರ್... ಕಿರ್ರ್... ಅನ್ನುತ್ತಿತ್ತು. ಬಾವಿ ದಾಟಿದ ಮೇಲೆ ದಾರಿ ಎರಡಾಗುತ್ತದೆ. ಎಡಕ್ಕೆ ಹೋದರೆ ಮನೆ. ಬಲಕ್ಕೆ ಹೋದರೆ ನಮ್ಮ ಕ್ರೈಸ್ತ ಸಭೆಯವರ ಸಮಾಧಿಗಳು.

ಏಕನಾಥಮ್ಮ ಬಲಕ್ಕೆ ತಿರುಗಿದಳು. ಸೆರಗಿನೊಳಗೆ ಒಂದು ಡಾಲ್ಡಾ ಡಬ್ಬ. ಅದರ ತುಂಬ ಡಾಂಬರು.

ಯಾಕೆ ಅಂತ ಹೇಳುತ್ತೇನೆ.

ನಾವು ಶ್ರೀರಾಂಪುರದ ಕಡೆಯ ಕುರಿ ಕಾಯುವ ಮನೆಯವರು. ಹಿರಿಯೂರಿಗೆ ಬಂದು ಇಬ್ಬರೂ ಒಂದೇ ದಿನ ದೀಕ್ಷಾಸ್ನಾನ ತೆಗೆದುಕೊಂಡೆವು. ಅವಳಿಗೆ ಅಕ್ಷರ ಕಲಿಸಿದವಳು ನಾನು. ನನಗೆ ಕಲಿಸಿದವರು ಯಾರೂ ಇಲ್ಲ, ಅದು ಬಿಡಿ. ಎಪ್ಪತ್ತೊಂದರಲ್ಲಿ ಅವಳು ಕಾಂಪೌಂಡರ್ ದೇವಪುತ್ರಪ್ಪನನ್ನು ಮದುವೆಯಾದಳು. ಅವರಿಗದು ಎರಡನೇ ಮದುವೆ. ಮೊದಲ ಹೆಂಡತಿ ಕರುಣಮ್ಮ ಅದೇ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು, ಮೂರು ವರ್ಷ ಮೊದಲೇ ತೀರಿಕೊಂಡಿದ್ದಳು.

ಬದುಕಿರುವ ಸವತಿಯಾದರೆ ಜುಟ್ಟು ಹಿಡಿದು ಜಗಳವಾಡಬಹುದು. ಸತ್ತವಳ ಜೊತೆ ಏನು ಮಾಡುತ್ತೀರಿ? ಅವಳ ಸಾರು ಸೀಯುವುದಿಲ್ಲ. ಅವಳು ಸಿಡುಕುವುದಿಲ್ಲ. ಅವಳ ತಲೆ ನರೆಯುವುದಿಲ್ಲ. ಹೆರಿಗೆಗೆ ಬಂದ ಹೆಂಗಸರು ನೋವಿನಲ್ಲೂ 'ಆ ನರ್ಸಮ್ಮ ಇದ್ದಿದ್ರೆ' ಅಂತ ನರಳುತ್ತಿದ್ದರು. ಗಂಡು ಹುಟ್ಟಿದರೆ ವಾರ್ಡಿನವರೆಲ್ಲ ಸಕ್ಕರೆಯೋ ಕುಪ್ಪಸದ ಕಣವೋ ಕೇಳಿ ಇಸಿದುಕೊಳ್ಳುವುದು ರೂಢಿ. ಕರುಣಮ್ಮ ಒಂದು ದಿನವೂ ಕೈಚಾಚಿದವಳಲ್ಲವಂತೆ. ಅದಕ್ಕೆ ಇವಳೂ ಚಾಚಲಿಲ್ಲ. ಕರುಣಮ್ಮ ಹೊತ್ತು ಗೊತ್ತು ನೋಡುತ್ತಿರಲಿಲ್ಲವಂತೆ. ಅದಕ್ಕೆ ಇವಳೂ ನೋಡಲಿಲ್ಲ. ಸಭೆಯವರು ಎಂಥ ಭಕ್ತಿ ಅಂದುಕೊಂಡರು. ಭಕ್ತಿಯಲ್ಲ. ಅವಳಿಗಿಂತ ಒಂದು ಗುಲಗಂಜಿಯಷ್ಟೂ ಕಮ್ಮಿಯಾಗಬಾರದು, ಅಷ್ಟೇ. ಹೊಟ್ಟೆಕಿಚ್ಚಿನಿಂದ ಅಷ್ಟು ಒಳ್ಳೆಯವಳಾದ ಇನ್ನೊಬ್ಬಳನ್ನು ನಾನು ನೋಡಿಲ್ಲ.

ಆದರೆ ಅವಳ ಎದೆಯಲ್ಲಿ ಮುಳ್ಳಾಗಿದ್ದು ಆ ಸಮಾಧಿಯ ಕಲ್ಲು. ಇಬ್ಬರಿಗೆ ಅಂತ ಮಾಡಿಸಿದ ಅಗಲದ ಕಲ್ಲು. ಎಡಗಡೆ ಕರುಣಮ್ಮನ ಹೆಸರು ಕೆತ್ತಿತ್ತು. ಬಲಗಡೆ ಖಾಲಿ, ನುಣ್ಣಗೆ. ಅದು ದೇವಪುತ್ರಪ್ಪನವರ ಹೆಸರಿಗೆ ಬಿಟ್ಟ ಜಾಗ. ಅದರ ಮುಂದೆ, ಕರುಣಮ್ಮನ ಸಮಾಧಿಯ ಬಲ ಮಗ್ಗುಲಲ್ಲಿ, ನೆಲವೂ ಹಾಗೇ ಖಾಲಿ. ಕೆಳಗೆ 'ಪುನರುತ್ಥಾನದ ನಿರೀಕ್ಷೆಯಲ್ಲಿ' ಅಂತ ಒಂದೇ ಸಾಲು, ಇಬ್ಬರಿಗೂ ಸೇರಿಸಿ.

ಒಮ್ಮೆ ಅವಳು ನಮ್ಮ ಸಭಾಪಾಲಕರನ್ನೇ ಕೇಳಿದ್ದಳು, ಕಡೇ ದಿನ ತುತ್ತೂರಿ ಊದಿದಾಗ ನಮ್ಮ ಮನೆಯವರು ಯಾರ ಮಗ್ಗುಲಿಂದ ಏಳುತ್ತಾರೆ ಅಂತ. ಅಯ್ಯನವರು ನಕ್ಕರು. ಅಲ್ಲಿ ಮದುವೆಯೂ ಇಲ್ಲ, ಗಂಡ ಹೆಂಡತಿ ಅನ್ನುವುದೂ ಇಲ್ಲ, ಎಲ್ಲರೂ ದೇವದೂತರ ಹಾಗೆ ಅಂದರು. ಹಾಗಾದರೆ ಕಲ್ಲಿನ ಮೇಲೆ ಜಾಗ ಯಾಕೆ ಬಿಟ್ಟಿದ್ದಾರೆ ಅಂತ ಇವಳು ಕೇಳಿದಳು. ಅಯ್ಯನವರು ಕನ್ನಡಕ ಒರೆಸಿಕೊಂಡರು.

ಈಸ್ಟರ್ ದಿನ ಬೆಳಗಿನ ಜಾವ ನಾಲ್ಕೂವರೆಗೆ ನಾವೆಲ್ಲ ಮೇಣದಬತ್ತಿ ಹಿಡಿದು ಸಮಾಧಿಗಳ ಹತ್ತಿರ ಹೋಗುತ್ತೇವೆ. ಯೇಸು ಎದ್ದ, ನೀವೂ ಏಳುತ್ತೀರಿ ಅಂತ ಸತ್ತವರಿಗೆ ಹೇಳುವ ಹಾಗೆ ಹಾಡುತ್ತೇವೆ. ಹಿಂದಿನ ದಿನವೇ ಸಮಾಧಿಗಳಿಗೆ ಸುಣ್ಣ ಬಳಿಯುವುದು ಪದ್ಧತಿ. ಕರುಣಮ್ಮನ ಸಮಾಧಿಗೆ ಮಾತ್ರ ದೇವಪುತ್ರಪ್ಪ ತಾವೇ ಬಳಿಯುತ್ತಿದ್ದರು. ಆ ಸಂಜೆ ಅವರು ಆಸ್ಪತ್ರೆಗೆ ಬುತ್ತಿ ತಂದುಕೊಟ್ಟಾಗ ಉಗುರಿನ ಸಂದಿಯಲ್ಲಿ ಸುಣ್ಣ ಇತ್ತು. ಕೈ ತೊಳೆದುಕೊಂಡಿದ್ದರು, ಅದು ಹೋಗಿರಲಿಲ್ಲ. ಏಕನಾಥಮ್ಮ ಅದನ್ನೇ ನೋಡಿದಳು. ಬುತ್ತಿ ಬಿಚ್ಚಲಿಲ್ಲ.

ರಸ್ತೆ ಕೆಲಸದವರು ಬಿಟ್ಟುಹೋದ ಪೀಪಾಯಿಯಿಂದ ಡಾಂಬರು ತೆಗೆದಳು. ಸೀಮೆಎಣ್ಣೆ ಕಲಸಿದಳು. ಕಡ್ಡಿಗೆ ಹತ್ತಿ ಸುತ್ತಿದಳು. ಅವಳ ಲೆಕ್ಕ ಸಲೀಸು. ಆ ಖಾಲಿ ಜಾಗದಲ್ಲಿ ತನ್ನ ಹೆಸರು ಬರೆದುಬಿಟ್ಟರೆ ಆಯಿತು. ಆಮೇಲೆ ಗಂಡನನ್ನು ಅಲ್ಲಿ ಹೂಳುವ ಹಾಗಿಲ್ಲ. ಅದರಾಚೆಗೆ ಅವಳು ಯೋಚನೆ ಮಾಡಲಿಲ್ಲ.

ಬೇಲಿ ಸರಿಸಿ ಒಳಗೆ ಕಾಲಿಟ್ಟಳು.

ಸರ್ರ್... ಸರ್ರ್...

ಯಾರೋ ಗುಡಿಸುತ್ತಿದ್ದರು. ಒಣ ಎಲೆ, ಸಣ್ಣ ಕಲ್ಲು, ಅದರ ಮೇಲೆ ಬರಲು ಕಡ್ಡಿಯ ಪೊರಕೆ. ಸಮಾಧಿಗಳ ನಡುವೆ ಒಬ್ಬ ಹೆಂಗಸು ಬಗ್ಗಿದ್ದಳು. ತಲೆ ಮೇಲೆ ಬಿಳಿ ಸೆರಗು. ಬೆನ್ನು ಇವಳ ಕಡೆಗೆ. ನಮ್ಮ ಸಭೆಯ ದೇವಾಲಯ ಗುಡಿಸುವ ಹನುಮಮ್ಮ ಹಬ್ಬಕ್ಕೆ ಇಲ್ಲೂ ಗುಡಿಸಲು ಬಂದಿರಬೇಕು ಅಂದುಕೊಂಡಳು ಏಕನಾಥಮ್ಮ. ಡಬ್ಬ ಮರೆಮಾಡಿದಳು.

"ಇನ್ನಾ ಮುಗೀಲಿಲ್ವಾ ಹನುಮಕ್ಕ?"

"ಇದೊಂದು ಐತೆ."

ದನಿ ಸಣ್ಣದು. ಪೊರಕೆ ನಿಲ್ಲಲಿಲ್ಲ. ಸರ್ರ್...

"ಇವತ್ತು ತಡ ಆತು ನಿಂಗೆ."

"ಹೆರಿಗೆ ಇತ್ತು. ಕಷ್ಟದ್ದು."

"ಉಳೀತಾ?"

"ಉಳೀತು. ತಾಯಿನೂ ಉಳಿದ್ಲು."

"ಚಲೋ ಆತು..."

ಏಕನಾಥಮ್ಮನಿಗೆ ಧೈರ್ಯ ಬಂತು. ಹನುಮಮ್ಮನಿಗೆ ಓದಲು ಬರುವುದಿಲ್ಲ, ಬರೆದದ್ದು ಏನು ಅಂತ ತಿಳಿಯುವುದಿಲ್ಲ. ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಂತಳು. ಬರೆಯಲು ಶುರು ಮಾಡಿದಳು. ಡಾಂಬರು ದಪ್ಪಗೆ ಕಲ್ಲಿಗೆ ಅಂಟಿತು. ಒಂದೊಂದು ಅಕ್ಷರಕ್ಕೂ ಅಷ್ಟು ಹೊತ್ತು. ಕೊನೆಯ ಅಕ್ಷರ ಮುಗಿಯುವಾಗ ಅವಳಿಗೆ ತಿಳಿಯಿತು... ಗುಡಿಸುವ ಸದ್ದು ನಿಂತಿತ್ತು.

ಬೆನ್ನ ಹಿಂದೆಯೇ ಪಿಸುದನಿ.

"ಅದು ಅವರ ಜಾಗ ಅಲ್ವೇನೆ?"

"ಅವರಿಗೆ ಇಲ್ಲಿ ಜಾಗ ಬ್ಯಾಡ."

"ಹಂಗಾರೆ... ನನ್ನ ಮಗ್ಗುಲಾಗೆ ನೀನೇ ಮಲಗ್ತೀಯಾ?"

ಏಕನಾಥಮ್ಮನ ಕೈಯಲ್ಲಿದ್ದ ಕಡ್ಡಿ ಹಾಗೇ ನಿಂತಿತು. ಆಗ ಅವಳ ಬುದ್ಧಿಗೆ ಬಂತು, ತಾನು ಏನು ಬರೆದೆ ಅಂತ. ಕಡೇ ದಿನದವರೆಗೆ ಯಾರ ಮಗ್ಗುಲಿಗೆ ತನ್ನನ್ನು ತಾನೇ ಬರೆದುಕೊಂಡೆ ಅಂತ.

ಇನ್ನೊಬ್ಬಳಾಗಿದ್ದರೆ ಕೂಗಿ ಓಡುತ್ತಿದ್ದಳು. ನಮ್ಮ ಮನೆಯ ಹೆಂಗಸರು ಓಡುವವರಲ್ಲ. ಅವಳು ಹಿಂದಕ್ಕೆ ತಿರುಗಲೂ ಇಲ್ಲ. ಕಲ್ಲನ್ನೇ ನೋಡುತ್ತಾ, ಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಕೇಳಿದಳು.

"ಅಲ್ಲಿಗೆ ಬಂದ ಮ್ಯಾಲೆ ಅವರು ಯಾರಿಗೆ? ನಿಂಗಾ... ನಂಗಾ?"

ಬಾವಿಯ ರಾಟೆಯ ಸದ್ದು ಅಲ್ಲಿಯವರೆಗೂ ಕೇಳುತ್ತಿತ್ತಂತೆ.

"ಆರು ವರ್ಷದಿಂದ ಕಾಯ್ತಿದೀನಿ ತಂಗಿ... ಅವರಿಗಲ್ಲ."

ಅಷ್ಟೇ.

ಆ ಒಂದು ಮಾತು ತನಗೆ ಕಪಾಳಕ್ಕೆ ಹೊಡೆದ ಹಾಗಾಯಿತು ಅಂತ ಏಕನಾಥಮ್ಮ ಆಮೇಲೆ ನನಗೆ ಹೇಳಿದಳು. ಯಾವ ಗಂಡಸಿಗಾಗಿ ತಾನು ಒಳಗೊಳಗೇ ಬೆಂದಿದ್ದಳೋ ಅವನ ದಾರಿಯನ್ನೇ ಈ ಕರುಣಮ್ಮ ಕಾಯುತ್ತಿರಲಿಲ್ಲ. ಕಾಯುತ್ತಿದ್ದುದು ಬೇರೆ ಒಬ್ಬನಿಗೆ. ಸಭೆಯಲ್ಲಿ ವಾರ ವಾರ ಬಾಯಿಪಾಠ ಹೇಳುತ್ತೇವಲ್ಲ, ಯೇಸು ತಿರುಗಿ ಬರುವನು ಅಂತ... ಅದನ್ನು ಇವಳು ನಿಜವಾಗಿಯೂ ಕಾಯುತ್ತಿದ್ದಳು, ಬಾಗಿಲು ತೆರೆದಿಟ್ಟು, ಮುಂದೆ ಗುಡಿಸಿಕೊಂಡು. ಅದರಲ್ಲೂ ಅವಳೇ ಮುಂದೆ. ಏಕನಾಥಮ್ಮನಿಗೆ ಅಳು ಬಂತು. ಹೆದರಿಕೆಯಿಂದಲ್ಲ. ಆವಾಗಲೂ ಹೊಟ್ಟೆಕಿಚ್ಚಿನಿಂದಲೇ.

"ನಂಗೂ ಕಾಯಾಕೆ ಬಿಡು," ಅಂದಳಂತೆ.

ಬೀಸುವ ಕಲ್ಲು ಒಂದೇ ಸುತ್ತು ತಿರುಗಿದ ಹಾಗೆ ನೆಲದೊಳಗೆ ಒಂದು ಸದ್ದಾಯಿತು. ಗುರ್ರ್... ಅವಳು ಅಲ್ಲೇ ಕುಂತಳು.

ನಾಲ್ಕೂವರೆಗೆ ನಾವು ಕೀರ್ತನೆ ಹೇಳುತ್ತಾ ಹೋದಾಗ ಹಾಗೇ ಕುಂತಿದ್ದಳು. ಕೈಯೆಲ್ಲ ಕಪ್ಪು. ಕಲ್ಲಿನ ಮೇಲೆ ಹೆಸರು ಕಪ್ಪು. ಹಾಡು ಒಬ್ಬೊಬ್ಬರ ಬಾಯಲ್ಲೇ ನಿಂತುಹೋಯಿತು. ದೇವಪುತ್ರಪ್ಪ ಮೇಣದಬತ್ತಿ ಹತ್ತಿರ ಹಿಡಿದು ಓದಿದರು. ಇನ್ನೊಮ್ಮೆ ಓದಿದರು. ಬೈಯುತ್ತಾರೆ ಅಂತ ನಾವೆಲ್ಲ ಕಾದೆವು.

"ಆತು," ಅಂದರು. "ನನ್ನನ್ನ ಎಲ್ಲಿ ಹಾಕ್ತೀಯ?"

"ನಮ್ಮಿಬ್ಬರ ಕಾಲ್ದೆಸೆಗೆ."

ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅಯ್ಯನವರು ಸತ್ಯವೇದ ತೆರೆದು, ಸಮಾಧಿ ಬರಿದಾಗಿತ್ತು ಅನ್ನುವ ಭಾಗ ಓದಲು ಶುರು ಮಾಡಿದರು. ಆಗ ಬೇಲಿಯ ಹತ್ತಿರ ಹನುಮಮ್ಮ ಓಡಿಬಂದಳು, ಕೈಯಲ್ಲಿ ಪೊರಕೆ. ರಾತ್ರಿ ಜ್ವರ ಬಂದು ಮಲಗಿಬಿಟ್ಟೆ ಕಣ್ರಿ ಅಯ್ಯನೋರೆ, ಈಗ ಗುಡಿಸ್ತೀನಿ ಅಂದಳು. ಆಮೇಲೆ ನೆಲ ನೋಡಿದಳು. ಪೊರಕೆ ಕೆಳಗಿಟ್ಟಳು. ಬೇಲಿಯಿಂದ ಬೇಲಿಯವರೆಗೆ ಒಂದು ಎಲೆ ಇರಲಿಲ್ಲ.

ಅದನ್ನು ಯಾರು ಬೇಕಾದರೂ ಮಾಡಿರಬಹುದು ಅನ್ನಿ, ನಾನು ವಾದ ಮಾಡುವುದಿಲ್ಲ. ಏಕನಾಥಮ್ಮನ ಮಾತನ್ನೂ ನಂಬಬೇಡಿ, ಕನಸು ಅನ್ನಿ. ನನ್ನ ಕಣ್ಣಿಂದ ನೋಡಿದ್ದು ಮಾತ್ರ ಹೇಳುತ್ತೇನೆ. ದೇವಪುತ್ರಪ್ಪ ಸಂಜೆ ಸುಣ್ಣ ಬಳಿದಾಗ ಕರುಣಮ್ಮನ ಸಮಾಧಿಯ ಸುತ್ತ ನೆಲದ ಮೇಲೆ ಸುಣ್ಣದ ಹನಿ ಬಿದ್ದಿದ್ದವು, ಗೆರೆ ಎಳೆದ ಹಾಗೆ. ಬೆಳಿಗ್ಗೆ ಆ ಗೆರೆ ಬಲಗಡೆ ಇದ್ದಲ್ಲೇ ಇತ್ತು. ಸಮಾಧಿ ಅಲ್ಲಿರಲಿಲ್ಲ. ಅಷ್ಟೂ ಗುಡ್ಡೆ ಎಡಕ್ಕೆ ಸರಿದಿತ್ತು, ಮಲಗಿದವರು ಮಗ್ಗುಲಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟ ಹಾಗೆ. ಸುಣ್ಣ ಒಂದು ಕಡೆಯೂ ಬಿರಿದಿರಲಿಲ್ಲ. ಗುಂಡಿ ತೋಡುವ ಮಾರಪ್ಪನನ್ನು ಕೇಳಿದರೆ ಅವನೂ ಇದನ್ನೇ ಹೇಳುತ್ತಾನೆ, ಕುಡಿಯದೇ ಇದ್ದಾಗ ಕೇಳಿ.

ಗೆರೆಗೂ ಸಮಾಧಿಗೂ ನಡುವೆ ಎಷ್ಟು ಅಂತ ನಾನೇ ಗೇಣು ಹಾಕಿದೆ. ಸರಿಯಾಗಿ ಒಂದು ಗೇಣು. ಸುತ್ತಲಿನ ನೆಲವೆಲ್ಲ ಆ ಹೊತ್ತಿಗೆ ತಣ್ಣಗೆ ಕೊರೆಯುತ್ತಿತ್ತು. ನನ್ನ ಕೈ ಕೆಳಗಿನ ಅಷ್ಟು ಮಣ್ಣು ಮಾತ್ರ ಬೆಚ್ಚಗಿತ್ತು.